ಒಂದೇ ಮಾತ್ರೆ, ಹಲವು ಬೆಲೆ: ಅಟೋರ್ವಾಸ್ಟಾಟಿನ್ ದರ ನಿರ್ಧಾರವಾಗುವ ಬಗೆ

ಪ್ರಶ್ನೆ

ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ ವೈದ್ಯರ ಚೀಟಿಯಲ್ಲಿ ಒಮ್ಮೆ ಬಂತೆಂದರೆ ಬಹುಪಾಲು ರೋಗಿಗಳಿಗೆ ಅದು ಬದುಕಿನುದ್ದಕ್ಕೂ ಮುಂದುವರಿಯುವ ತಿಂಗಳ ಖರ್ಚು. ಜ್ವರದ ಔಷಧಿಯ ಖರ್ಚು ಐದು ದಿನಕ್ಕೆ ಮುಗಿಯುತ್ತದೆ. ಇದರ ಖರ್ಚು ಹಾಲು, ಕರೆಂಟು ಬಿಲ್ಲಿನ ಸಾಲಿನಲ್ಲಿ ಮನೆಯ ಲೆಕ್ಕಕ್ಕೆ ಸೇರಿಬಿಡುತ್ತದೆ. ಮಾತ್ರೆ ನಿಲ್ಲಿಸಿದರೆ ನೋವಾಗಲಿ ಸುಸ್ತಾಗಲಿ ಕಾಣಿಸಿಕೊಳ್ಳುವುದಿಲ್ಲ. ಆದ್ದರಿಂದ ಕೈ ಬಿಗಿಯಾದ ತಿಂಗಳಲ್ಲಿ ಮೊದಲು ಬಿಟ್ಟುಹೋಗುವ ಔಷಧಿಯೂ ಇದೇ. ಬೆಲೆಯ ಪ್ರಶ್ನೆ ಇಲ್ಲಿ ಹೃದಯದ ಆರೋಗ್ಯದ ಪ್ರಶ್ನೆಯೂ ಆಗಿದೆ.

2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಅಂದಾಜಿನಂತೆ ದೇಶದ ವಯಸ್ಕರಲ್ಲಿ ಶೇ. 24ರಷ್ಟು ಮಂದಿಗೆ ಒಟ್ಟು ಕೊಲೆಸ್ಟ್ರಾಲ್ ಹೆಚ್ಚಿದೆ, ಶೇ. 20.9ರಷ್ಟು ಮಂದಿಗೆ ಎಲ್‌ಡಿಎಲ್, ಅಂದರೆ ರಕ್ತನಾಳಗಳಲ್ಲಿ ಕೂರುವ ಬಗೆಯ ಕೊಲೆಸ್ಟ್ರಾಲ್ ಹೆಚ್ಚಿದೆ. ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದ ಪ್ರಕಾರ 2021-22ರಲ್ಲಿ ಒಟ್ಟು ಆರೋಗ್ಯ ವೆಚ್ಚದ ಶೇ. 39.4ರಷ್ಟನ್ನು ಜನ ತಮ್ಮ ಕಿಸೆಯಿಂದಲೇ ಭರಿಸಿದ್ದಾರೆ. ಈ ಎರಡು ಸಂಗತಿಗಳನ್ನು ಒಟ್ಟಿಗೆ ಓದಿದರೆ, ಮಾತ್ರೆಯೊಂದರ ಬೆಲೆಯಲ್ಲಿ ಎರಡು ಮೂರು ರೂಪಾಯಿಯ ವ್ಯತ್ಯಾಸಕ್ಕೆ ಏಕಿಷ್ಟು ಮಹತ್ವ ಎಂಬುದು ತಿಳಿಯುತ್ತದೆ.

ಅದೇ ಅಣು, ಅದೇ 10 ಮಿ.ಗ್ರಾಂ. ಆದರೂ ಜನೌಷಧಿ ಕೇಂದ್ರದಲ್ಲಿ ಒಂದು ಬೆಲೆ, ಬೀದಿಯ ಮೆಡಿಕಲ್ ಶಾಪಿನಲ್ಲಿ ಕಂಪನಿಗೊಂದು ಬೆಲೆ, ಸರ್ಕಾರಿ ಆಸ್ಪತ್ರೆಯ ಔಷಧಿ ಕಿಟಕಿಯಲ್ಲಿ ಸಿಕ್ಕರೆ ಉಚಿತ. ಈ ಅಂತರದಲ್ಲಿ ಎಷ್ಟು ಪಾಲು ನಿಜವಾದ ವೆಚ್ಚದ್ದು, ಎಷ್ಟು ಪಾಲು ವ್ಯವಸ್ಥೆಯದು ಎಂಬುದೇ ಈ ಟಿಪ್ಪಣಿಯ ಪ್ರಶ್ನೆ.

ವ್ಯಾಪ್ತಿ

ಉದಾಹರಣೆಗೆ ಅಟೋರ್ವಾಸ್ಟಾಟಿನ್ ಮಾತ್ರೆಯನ್ನು ಆರಿಸಿಕೊಂಡಿದ್ದೇನೆ. ಇದು ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಗುಂಪಿನ ಔಷಧಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವವುಗಳಲ್ಲಿ ಒಂದು. ಭಾರತದ ಅಗತ್ಯ ಔಷಧಿಗಳ ರಾಷ್ಟ್ರೀಯ ಪಟ್ಟಿಯಲ್ಲಿದೆ, ಹಾಗಾಗಿ ಬೆಲೆ ನಿಯಂತ್ರಣಕ್ಕೆ ಒಳಪಟ್ಟಿದೆ. ಇದನ್ನು ತಯಾರಿಸುವ ಕಂಪನಿಗಳೂ ಹಲವು. ಪೇಟೆಂಟ್, ತಯಾರಿಕೆ, ಸರ್ಕಾರದ ಮಿತಿ ಬೆಲೆ, ವ್ಯಾಪಾರದ ಲಾಭಾಂಶ, ತೆರಿಗೆ, ವೈದ್ಯರ ಚೀಟಿ, ಪ್ರಮಾಣ, ಸರ್ಕಾರಿ ಖರೀದಿ ಇಷ್ಟನ್ನೂ ಒಂದೇ ಔಷಧಿಯ ಮೂಲಕ ನೋಡಬಹುದು ಎಂಬುದು ಈ ಆಯ್ಕೆಗೆ ಮುಖ್ಯ ಕಾರಣ. ಆಧಾರಕ್ಕೆ ಸಾರ್ವಜನಿಕ ದಾಖಲೆಯಲ್ಲಿರುವ ಕಾನೂನು, ಆದೇಶ ಮತ್ತು ಅಧ್ಯಯನಗಳನ್ನಷ್ಟೇ ಬಳಸಿದ್ದೇನೆ. ಲೆಕ್ಕ ಬಿಡಿಸಲು ಊಹೆಯ ಅಂಕಿಗಳನ್ನು ಬಳಸಿದ ಕಡೆ ಹಾಗೆಂದು ಸ್ಪಷ್ಟವಾಗಿ ಹೇಳಿದ್ದೇನೆ.

1. ಪೇಟೆಂಟಿನ ಪಾತ್ರ

ಸ್ಟಾಟಿನ್‌ಗಳ ಕಥೆ ಶುರುವಾದದ್ದು ಜಪಾನಿನಲ್ಲಿ. ಸಾಂಕ್ಯೊ ಕಂಪನಿಯ ವಿಜ್ಞಾನಿ ಅಕಿರ ಎಂಡೊ ಆರು ಸಾವಿರಕ್ಕೂ ಹೆಚ್ಚು ಸೂಕ್ಷ್ಮಜೀವಿಗಳನ್ನು ಪರೀಕ್ಷಿಸಿ, 1973ರಲ್ಲಿ ಪೆನಿಸಿಲಿಯಂ ಜಾತಿಯ ಶಿಲೀಂಧ್ರವೊಂದರಿಂದ ಕೊಲೆಸ್ಟ್ರಾಲ್ ಉತ್ಪಾದನೆಯನ್ನು ತಡೆಯುವ ಮೊದಲ ಸ್ಟಾಟಿನ್ ಅನ್ನು ಬೇರ್ಪಡಿಸಿದರು. ಮರ್ಕ್ ಕಂಪನಿಯ ಲೊವಾಸ್ಟಾಟಿನ್ 1987ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಅಟೋರ್ವಾಸ್ಟಾಟಿನ್ ಅನ್ನು 1985ರಲ್ಲಿ ವಾರ್ನರ್-ಲ್ಯಾಂಬರ್ಟ್ ಕಂಪನಿಯ ಪ್ರಯೋಗಾಲಯದಲ್ಲಿ ಬ್ರೂಸ್ ರೋತ್ ಸಂಶ್ಲೇಷಿಸಿದರು. 1997ರಲ್ಲಿ ‘ಲಿಪಿಟಾರ್’ ಹೆಸರಿನಲ್ಲಿ ಮಾರಾಟಕ್ಕೆ ಬಂದ ಈ ಔಷಧಿ 2000ದಲ್ಲಿ ಫೈಜರ್ ಕಂಪನಿಯ ಪಾಲಾಯಿತು. 2006ರ ಹೊತ್ತಿಗೆ ಅದರ ವಾರ್ಷಿಕ ಮಾರಾಟ ಸುಮಾರು 1,300 ಕೋಟಿ ಡಾಲರ್ ಮುಟ್ಟಿತ್ತು.

ಅಮೆರಿಕದಲ್ಲಿ ಈ ಏಕಸ್ವಾಮ್ಯ ಮುಗಿದದ್ದು 2011ರ ನವೆಂಬರ್ 30ರಂದು. ಆ ದಿನ ಭಾರತೀಯ ಕಂಪನಿ ರ‍್ಯಾನ್‌ಬಾಕ್ಸಿಯ ಜೆನೆರಿಕ್ ಮಾತ್ರೆಗೆ ಅಲ್ಲಿ ದಾರಿ ತೆರೆಯಿತು. ಮೊದಲ ಜೆನೆರಿಕ್ ತಯಾರಕರಿಗೆ ಮೀಸಲಾದ ಆರು ತಿಂಗಳ ವಿಶೇಷ ಅವಧಿ ಕಳೆದು ಉಳಿದ ತಯಾರಕರೂ ಒಳಬಂದ ಮೇಲೆ ಬೆಲೆ ಕುಸಿಯಿತು.

ಭಾರತದ ದಾರಿ ಬೇರೆ. 1970ರ ಪೇಟೆಂಟ್ ಕಾಯ್ದೆ ಔಷಧಿಯ ತಯಾರಿಕಾ ವಿಧಾನಕ್ಕೆ ಮಾತ್ರ ಪೇಟೆಂಟ್ ಕೊಡುತ್ತಿತ್ತು, ಔಷಧಿಗಲ್ಲ. ಬೇರೆ ವಿಧಾನದಲ್ಲಿ ಅದೇ ಅಣುವನ್ನು ತಯಾರಿಸಲು ಇಲ್ಲಿನ ಕಂಪನಿಗಳಿಗೆ ಅಡ್ಡಿಯಿರಲಿಲ್ಲ. 2005ರ ಜನವರಿ 1ರಿಂದ ಉತ್ಪನ್ನ ಪೇಟೆಂಟ್ ಜಾರಿಗೆ ಬರುವ ಹೊತ್ತಿಗೆ ಅಟೋರ್ವಾಸ್ಟಾಟಿನ್ ಇಲ್ಲಿ ಹಲವು ಕಂಪನಿಗಳ ಹೆಸರಿನಲ್ಲಿ ಮಾರಾಟವಾಗುತ್ತಿತ್ತು. ಅಮೆರಿಕದ ರೋಗಿ 2011ರವರೆಗೆ ಕಾಯಬೇಕಾಗಿದ್ದ ಪೈಪೋಟಿ ಭಾರತದ ರೋಗಿಗೆ ಅದಕ್ಕೂ ಹಲವು ವರ್ಷ ಮೊದಲೇ ದೊರಕಿತ್ತು.

ಪೇಟೆಂಟ್ ಇದ್ದಾಗ ಏನಾಗುತ್ತದೆ ಎಂಬುದಕ್ಕೆ ಇದೇ ಕಾಯಿಲೆಯ ಹೊಸ ಚುಚ್ಚುಮದ್ದುಗಳು ಸಾಕ್ಷಿ. ಅಲಿರೊಕುಮ್ಯಾಬ್ ಮತ್ತು ಎವೊಲೊಕುಮ್ಯಾಬ್ 2015ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದಾಗ ಘೋಷಿತ ಬೆಲೆ ವರ್ಷಕ್ಕೆ 14,000 ಡಾಲರ್ ದಾಟಿತ್ತು. ವಿಮಾ ಕಂಪನಿಗಳು ಹಿಂಜರಿದವು, ವೈದ್ಯರು ಬರೆದುಕೊಟ್ಟರೂ ಅನೇಕ ರೋಗಿಗಳ ಕೈಗೆ ಔಷಧಿ ಸೇರಲಿಲ್ಲ. ಕೆಲವೇ ವರ್ಷಗಳಲ್ಲಿ ಎರಡೂ ಕಂಪನಿಗಳು ಬೆಲೆಯನ್ನು 5,850 ಡಾಲರಿಗೆ ಇಳಿಸಿದವು. ಅಷ್ಟು ಇಳಿಸಿಯೂ ಮಾರಲು ಸಾಧ್ಯವಾಯಿತೆಂದರೆ ಮೊದಲ ಬೆಲೆಯನ್ನು ತಯಾರಿಕೆಯ ವೆಚ್ಚವೊಂದೇ ನಿಗದಿ ಮಾಡಿರಲಿಲ್ಲ ಎಂದಾಯಿತು.

ಅಟೋರ್ವಾಸ್ಟಾಟಿನ್ ವಿಷಯದಲ್ಲಿ ಭಾರತದಲ್ಲಿ ಇಂದು ಪೇಟೆಂಟಿನ ನೆಪ ಉಳಿದಿಲ್ಲ. ಆದರೂ ಬೆಲೆಗಳ ನಡುವೆ ಅಂತರವಿದೆ. ಕಾರಣವನ್ನು ಬೇರೆಡೆ ಹುಡುಕಬೇಕು.

2. ತಯಾರಿಕೆಯ ಪಾತ್ರ

ಲೊವಾಸ್ಟಾಟಿನ್ ಹುದುಗುವಿಕೆಯಿಂದ ಬರುವ ಔಷಧಿ. ಅಟೋರ್ವಾಸ್ಟಾಟಿನ್ ಪೂರ್ತಿಯಾಗಿ ರಾಸಾಯನಿಕ ಸಂಶ್ಲೇಷಣೆಯದು. ಎರಡರಲ್ಲೂ ಕರ್ನಾಟಕಕ್ಕೆ ಸಂಬಂಧವಿದೆ. ಬೆಂಗಳೂರಿನ ಬಯೋಕಾನ್ 2001ರಲ್ಲಿ ಲೊವಾಸ್ಟಾಟಿನ್ ತಯಾರಿಕೆಗೆ ಅಮೆರಿಕದ ಔಷಧ ನಿಯಂತ್ರಕರ ಅನುಮೋದನೆ ಪಡೆಯಿತು. ಮುಂದೆ ಸ್ಟಾಟಿನ್‌ಗಳ ಮೂಲದ್ರವ್ಯ, ಅಂದರೆ ಮಾತ್ರೆಯೊಳಗೆ ಕೆಲಸ ಮಾಡುವ ಔಷಧಿಯ ಅಂಶ, ಅದರ ಮುಖ್ಯ ವ್ಯವಹಾರಗಳಲ್ಲಿ ಒಂದಾಯಿತು.

ಮಾತ್ರೆಯ ಬೆಲೆಯಲ್ಲಿ ಮೂಲದ್ರವ್ಯದ ತೂಕ ಎಷ್ಟು ಎಂದು ಲೆಕ್ಕ ಹಾಕಿ ನೋಡಬಹುದು. 10 ಮಿ.ಗ್ರಾಂ ಮಾತ್ರೆಯಲ್ಲಿ ಅಟೋರ್ವಾಸ್ಟಾಟಿನ್ ಕ್ಯಾಲ್ಸಿಯಂ ಲವಣದ ರೂಪದಲ್ಲಿರುವುದರಿಂದ ಹಾಕಬೇಕಾದ ತೂಕ 11 ಮಿ.ಗ್ರಾಂಗೆ ತುಸು ಕಡಿಮೆ. ಅಂದರೆ ಒಂದು ಕಿಲೋ ಮೂಲದ್ರವ್ಯದಿಂದ 90,000ಕ್ಕೂ ಹೆಚ್ಚು ಮಾತ್ರೆಗಳಾಗುತ್ತವೆ. ಲೆಕ್ಕದ ಸಲುವಾಗಿ ಕಿಲೋಗೆ 10,000 ರೂಪಾಯಿ ಎಂದು ಊಹಿಸಿದರೆ ಮಾತ್ರೆಗೆ ಬೀಳುವುದು 11 ಪೈಸೆ. ಆ ದರ ಒಂದೇ ಸಲಕ್ಕೆ ಇಮ್ಮಡಿಯಾದರೂ ಮಾತ್ರೆಗೆ ಏರುವುದು ಇನ್ನೊಂದು 11 ಪೈಸೆ. ಚೀನಾದಿಂದ ಬರುವ ಕಚ್ಚಾವಸ್ತು ತುಟ್ಟಿಯಾಯಿತು ಎಂಬ ಕಾರಣ ತಯಾರಕನ ಲಾಭವನ್ನು ಅಲುಗಾಡಿಸಬಹುದು. ಆದರೆ ಅಂಗಡಿಯಲ್ಲಿ ಎರಡು ಹೆಸರುಗಳ ನಡುವೆ ಕಾಣುವ ರೂಪಾಯಿಗಳ ಅಂತರವನ್ನು ಅದು ವಿವರಿಸಲಾರದು. ಆಮದಿನ ಅವಲಂಬನೆ ತಗ್ಗಿಸಲು ಕೇಂದ್ರ ಸರ್ಕಾರ 2020ರಲ್ಲಿ ತಂದ ಉತ್ಪಾದನೆ ಆಧಾರಿತ ಪ್ರೋತ್ಸಾಹಧನ ಯೋಜನೆಯ ಮೂಲದ್ರವ್ಯಗಳ ಪಟ್ಟಿಯಲ್ಲಿ ಅಟೋರ್ವಾಸ್ಟಾಟಿನ್ ಕೂಡ ಸೇರಿದೆ. ಅದರ ಮಹತ್ವ ಪೂರೈಕೆಯ ಭದ್ರತೆಯಲ್ಲಿದೆ.

ತಯಾರಿಕೆಯಲ್ಲಿ ನಿಜಕ್ಕೂ ಹಣ ಬೇಡುವುದು ಗುಣಮಟ್ಟ. ಅಟೋರ್ವಾಸ್ಟಾಟಿನ್ ನೀರಿನಲ್ಲಿ ಸುಲಭವಾಗಿ ಕರಗದು. ಮಾತ್ರೆ ಹೊಟ್ಟೆಯಲ್ಲಿ ಹೇಗೆ ಒಡೆಯುತ್ತದೆ, ಎಷ್ಟು ರಕ್ತಕ್ಕೆ ಸೇರುತ್ತದೆ ಎಂಬುದು ಅದರ ತಯಾರಿಕೆಯ ಕೌಶಲವನ್ನು ಅವಲಂಬಿಸಿದೆ. ಕಡಿಮೆ ಕರಗುವ ಈ ಬಗೆಯ ಔಷಧಿಗಳಿಗೆ ತಯಾರಿಕಾ ಪರವಾನಗಿ ನೀಡುವ ಮುನ್ನ ಜೈವಿಕ ಸಮಾನತೆಯ ಪರೀಕ್ಷೆ ಕಡ್ಡಾಯ ಎಂದು 2017ರ ಏಪ್ರಿಲ್‌ನಲ್ಲಿ ನಿಯಮ ತಿದ್ದುಪಡಿಯಾಯಿತು. ಮೂಲ ಔಷಧಿಯಷ್ಟೇ ಪ್ರಮಾಣದಲ್ಲಿ, ಅಷ್ಟೇ ವೇಗದಲ್ಲಿ ರಕ್ತಕ್ಕೆ ಸೇರುತ್ತದೆಯೇ ಎಂದು ಆರೋಗ್ಯವಂತ ಸ್ವಯಂಸೇವಕರಲ್ಲಿ ಅಳೆದು ನೋಡುವ ಪರೀಕ್ಷೆ ಇದು. ಈ ಖರ್ಚು ನ್ಯಾಯವಾದದ್ದು. ಆದರೆ ಒಮ್ಮೆ ಮಾಡುವ ಈ ಖರ್ಚು ಕೋಟಿಗಟ್ಟಲೆ ಮಾತ್ರೆಗಳ ಮೇಲೆ ಹಂಚಿಹೋಗುತ್ತದೆ ಎಂಬುದನ್ನೂ ನೆನಪಿಡಬೇಕು.

3. ಮಿತಿ ಬೆಲೆ ಮತ್ತು ಅದರ ಸೂತ್ರ

ಔಷಧಿ ಬೆಲೆ ನಿಯಂತ್ರಣದ ಇತಿಹಾಸದಲ್ಲಿ ಕರ್ನಾಟಕದ ಒಂದು ಅಧ್ಯಾಯವಿದೆ. 1995ರ ಔಷಧ ಬೆಲೆ ನಿಯಂತ್ರಣ ಆದೇಶದಡಿ 74 ಮೂಲದ್ರವ್ಯಗಳು ಮಾತ್ರ ಇದ್ದವು, ಅವುಗಳಲ್ಲಿ ಸ್ಟಾಟಿನ್‌ಗಳಿರಲಿಲ್ಲ. 2002ರ ಔಷಧ ನೀತಿ ಆ ಪಟ್ಟಿಯನ್ನು ಇನ್ನೂ ಕಿರಿದಾಗಿಸಲು ಹೊರಟಾಗ ಕರ್ನಾಟಕ ಹೈಕೋರ್ಟಿನಲ್ಲಿ ಅದನ್ನು ಪ್ರಶ್ನಿಸಲಾಯಿತು. 2002ರ ನವೆಂಬರ್‌ನಲ್ಲಿ ಹೈಕೋರ್ಟ್ ನೀತಿಯ ಬೆಲೆ ನಿಯಂತ್ರಣ ಭಾಗಕ್ಕೆ ತಡೆ ನೀಡಿತು. 2003ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ತಡೆಯನ್ನು ಅಮಾನತಿನಲ್ಲಿಟ್ಟರೂ, ಅಗತ್ಯ ಮತ್ತು ಜೀವರಕ್ಷಕ ಔಷಧಿಗಳು ಬೆಲೆ ನಿಯಂತ್ರಣದಿಂದ ಹೊರಬೀಳದಂತೆ ಮಾನದಂಡ ರೂಪಿಸಬೇಕೆಂದು ಕೇಂದ್ರಕ್ಕೆ ಸೂಚಿಸಿತು. ಹತ್ತು ವರ್ಷಗಳ ನ್ಯಾಯಾಲಯದ ಒತ್ತಡ ಮತ್ತು ಜನಾರೋಗ್ಯ ಸಂಘಟನೆಗಳ ಹೋರಾಟದ ಫಲವಾಗಿ 2013ರ ಮೇ ತಿಂಗಳಲ್ಲಿ ಹೊಸ ಆದೇಶ ಬಂದು, ಅಗತ್ಯ ಔಷಧಿಗಳ ರಾಷ್ಟ್ರೀಯ ಪಟ್ಟಿಯಲ್ಲಿರುವ ಎಲ್ಲ ಔಷಧಿಗಳೂ ನಿಯಂತ್ರಣಕ್ಕೆ ಒಳಪಟ್ಟವು. ಅಟೋರ್ವಾಸ್ಟಾಟಿನ್ ಬೆಲೆಗೆ ಮಿತಿ ಬಂದದ್ದು ಹೀಗೆ.

ಆದರೆ 2013ರಲ್ಲಿ ಲೆಕ್ಕದ ತಳಹದಿಯೇ ಬದಲಾಯಿತು. ಹಳೆಯ ಪದ್ಧತಿ ತಯಾರಿಕಾ ವೆಚ್ಚದಿಂದ ಆರಂಭಿಸುತ್ತಿತ್ತು. ಹೊಸ ಪದ್ಧತಿ ಮಾರುಕಟ್ಟೆಯಿಂದ ಆರಂಭಿಸುತ್ತದೆ. ಮಾರಾಟದಲ್ಲಿ ಶೇ. 1 ಅಥವಾ ಅದಕ್ಕಿಂತ ಹೆಚ್ಚು ಪಾಲಿರುವ ಎಲ್ಲ ಬ್ರ್ಯಾಂಡುಗಳು ಅಂಗಡಿಯವರಿಗೆ ಕೊಡುವ ದರದ ಸರಳ ಸರಾಸರಿ ತೆಗೆದು, ಅದಕ್ಕೆ ಅಂಗಡಿಯ ಲಾಭಾಂಶ ಶೇ. 16 ಸೇರಿಸಿದರೆ ಮಿತಿ ಬೆಲೆ. ತೆರಿಗೆ ಅದರ ಮೇಲೆ.

ಊಹೆಯ ಅಂಕಿಗಳಿಂದ ಇದನ್ನು ಬಿಡಿಸೋಣ. ಮಾರುಕಟ್ಟೆಯಲ್ಲಿ ಮೂರೇ ಬ್ರ್ಯಾಂಡುಗಳಿವೆ, ಅಂಗಡಿಯವರಿಗೆ ಅವುಗಳ ದರ ಮಾತ್ರೆಗೆ 9, 6 ಮತ್ತು 3 ರೂಪಾಯಿ ಎಂದಿಟ್ಟುಕೊಳ್ಳಿ. ಸರಾಸರಿ 6 ರೂಪಾಯಿ, ಶೇ. 16 ಸೇರಿಸಿದರೆ ಮಿತಿ ಬೆಲೆ 6 ರೂಪಾಯಿ 96 ಪೈಸೆ, ಶೇ. 5 ಜಿಎಸ್‌ಟಿ ಕೂಡಿದರೆ 7 ರೂಪಾಯಿ 31 ಪೈಸೆ. ಅತಿ ದುಬಾರಿ ಬ್ರ್ಯಾಂಡ್ ಈ ಮಟ್ಟಕ್ಕೆ ಇಳಿಯಲೇಬೇಕು. ಅದು ರೋಗಿಗಾದ ನಿಜವಾದ ಲಾಭ. ಆದರೆ ಮೂರು ರೂಪಾಯಿಯ ಬ್ರ್ಯಾಂಡ್ ಅದೇ ಲಾಭಾಂಶ ಮತ್ತು ತೆರಿಗೆಯೊಂದಿಗೆ 3 ರೂಪಾಯಿ 65 ಪೈಸೆಗೆ ಸಿಗುತ್ತಲೇ ಇರುತ್ತದೆ. ಎರಡೂ ಕಾನೂನುಬದ್ಧ. ತಿಂಗಳಿಗೆ ಮೂವತ್ತು ಮಾತ್ರೆ ಎಂದರೆ ಅಂತರ ಸುಮಾರು 110 ರೂಪಾಯಿ, ವರ್ಷಕ್ಕೆ 1,300 ರೂಪಾಯಿಗೂ ಹೆಚ್ಚು, ಇಪ್ಪತ್ತು ವರ್ಷಕ್ಕೆ 26,000 ರೂಪಾಯಿ ದಾಟುತ್ತದೆ.

ಈ ಲೆಕ್ಕದಿಂದ ಎರಡು ಸಂಗತಿ ಹೊರಬೀಳುತ್ತವೆ. ಮೊದಲನೆಯದು, ಸೂತ್ರ ನೋಡುವುದು ಕಂಪನಿಗಳು ಆಗಲೇ ಇಟ್ಟುಕೊಂಡ ಬೆಲೆಯನ್ನು. ಮಾತ್ರೆ ತಯಾರಿಸಲು ಎಷ್ಟು ಬಿತ್ತು ಎಂಬುದು ಅದರೊಳಗೆ ಬರುವುದೇ ಇಲ್ಲ. ಹೆಚ್ಚಿನ ಬ್ರ್ಯಾಂಡುಗಳು ದುಬಾರಿಯಾಗಿದ್ದರೆ ಮಿತಿಯೂ ದುಬಾರಿಯೇ. ಎರಡನೆಯದು, ಮಿತಿ ಎಂಬುದು ಚಾವಣಿ. ಚಾವಣಿಯ ಕೆಳಗೆ ರೋಗಿ ಎಲ್ಲಿ ನಿಲ್ಲುತ್ತಾನೆ ಎಂಬುದನ್ನು ಅದು ತೀರ್ಮಾನಿಸುವುದಿಲ್ಲ.

ಮಿತಿ ಬೆಲೆ ಪ್ರತಿ ಏಪ್ರಿಲ್‌ನಲ್ಲಿ ಸಗಟು ಬೆಲೆ ಸೂಚ್ಯಂಕದ ಜೊತೆ ಏರಿಳಿಯುತ್ತದೆ. 2022ರಲ್ಲಿ ಶೇ. 10.77 ಮತ್ತು 2023ರಲ್ಲಿ ಶೇ. 12.12ರಷ್ಟು ಏರಿಕೆಗೆ ಅವಕಾಶ ಸಿಕ್ಕಿತು; 2024ರಲ್ಲಿ ಅದು ಶೇ. 0.0055ಕ್ಕೆ ಇಳಿಯಿತು, 2025ರಲ್ಲಿ ಶೇ. 1.74. ಇಂಧನ, ಲೋಹ, ಆಹಾರಧಾನ್ಯ ಎಲ್ಲವೂ ಸೇರಿದ ಸೂಚ್ಯಂಕ ಇದು. ಮಾತ್ರೆಯ ತಯಾರಿಕೆಯಲ್ಲಿ ಏನೂ ಬದಲಾಗದಿದ್ದರೂ ಅದರ ಬೆಲೆ ಏರಲು ಇದು ಕಾನೂನಿನ ದಾರಿ. ಪಟ್ಟಿಯಲ್ಲಿಲ್ಲದ ಔಷಧಿಗಳಿಗಂತೂ ವರ್ಷಕ್ಕೆ ಶೇ. 10ರವರೆಗೆ ಬೆಲೆ ಏರಿಸಿಕೊಳ್ಳುವ ಸ್ವಾತಂತ್ರ್ಯವಿದೆ.

4. ಅಂಗಡಿಯ ಲಾಭಾಂಶ ಮತ್ತು ತೆರಿಗೆ

ನಿಯಂತ್ರಿತ ಔಷಧಿಗಳಲ್ಲಿ ಸಗಟು ವ್ಯಾಪಾರಿಗೆ ಶೇ. 8, ಚಿಲ್ಲರೆ ಅಂಗಡಿಗೆ ಶೇ. 16, ಉಳಿದವುಗಳಲ್ಲಿ ರೂಢಿಯಂತೆ ಶೇ. 10 ಮತ್ತು ಶೇ. 20. ಬೀದಿಯ ಮೆಡಿಕಲ್ ಶಾಪಿನ ಬಾಡಿಗೆ, ಫಾರ್ಮಸಿಸ್ಟ್ ಸಂಬಳ, ಅವಧಿ ಮೀರಿದ ಸರಕಿನ ನಷ್ಟ ಎಲ್ಲವೂ ಈ ಪಾಲಿನಿಂದಲೇ ತುಂಬಬೇಕು. ಇದನ್ನು ಸುಲಿಗೆ ಎನ್ನಲಾಗದು.

ತೊಡಕಿರುವುದು ‘ಟ್ರೇಡ್ ಜೆನೆರಿಕ್’ ಎಂದು ವ್ಯಾಪಾರಿಗಳು ಕರೆಯುವ ಮಾತ್ರೆಗಳಲ್ಲಿ. ಇವುಗಳನ್ನು ಕಂಪನಿ ವೈದ್ಯರ ಬಳಿ ಪ್ರಚಾರ ಮಾಡುವುದಿಲ್ಲ, ನೇರ ಅಂಗಡಿಗೆ ಕಡಿಮೆ ದರದಲ್ಲಿ ಕೊಡುತ್ತದೆ. ಆದರೆ ಸ್ಟ್ರಿಪ್ ಮೇಲೆ ಮುದ್ರಿಸುವ ಗರಿಷ್ಠ ಮಾರಾಟ ಬೆಲೆ ಹೆಸರುವಾಸಿ ಬ್ರ್ಯಾಂಡಿನ ಹತ್ತಿರಕ್ಕೇ ಇರಬಹುದು. ಪ್ರಚಾರದ ಖರ್ಚು ಉಳಿದದ್ದು ರೋಗಿಯ ಕೈಗೆ ಬರಬೇಕೆಂದಿಲ್ಲ. ಅಂಗಡಿಯವರು ಕೊಡುವ ರಿಯಾಯಿತಿಯ ಮೇಲೆ ಅದು ನಿಂತಿದೆ. ‘ಜೆನೆರಿಕ್ ಅಂದರೆ ಅಗ್ಗ’ ಎಂಬ ಮಾತು ಎಲ್ಲ ಅಂಗಡಿಗಳಲ್ಲೂ ನಿಜವಾಗುವುದಿಲ್ಲ. ಇಡೀ ವ್ಯಾಪಾರ ಸರಪಳಿಯ ಲಾಭಾಂಶಕ್ಕೆ ಶೇ. 30ರ ಮಿತಿಯನ್ನು 2019ರಲ್ಲಿ 42 ಕ್ಯಾನ್ಸರ್ ಔಷಧಿಗಳಿಗೆ ವಿಧಿಸಲಾಯಿತು. ದಿನನಿತ್ಯದ ಹೃದ್ರೋಗ ಔಷಧಿಗಳಿಗೂ ಅಂಥ ಮಿತಿ ಏಕೆ ಬೇಡ ಎಂಬುದು ನ್ಯಾಯವಾದ ಪ್ರಶ್ನೆ.

ತೆರಿಗೆಯಲ್ಲಿ ಈಚೆಗೆ ಹಗುರಾಗಿದೆ. 2025ರ ಸೆಪ್ಟೆಂಬರ್ 22ರಿಂದ ಸಾಮಾನ್ಯ ಔಷಧಿಗಳ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿಯಿತು. ಅದೇ ದಿನ ತೆರಿಗೆಯಿಂದ ಪೂರ್ತಿ ಮುಕ್ತವಾದ ಔಷಧಿಗಳ ಪಟ್ಟಿಯಲ್ಲಿ ಅಲಿರೊಕುಮ್ಯಾಬ್, ಎವೊಲೊಕುಮ್ಯಾಬ್ ಮತ್ತು ಇಂಕ್ಲಿಸಿರಾನ್ ಎಂಬ ಕೊಲೆಸ್ಟ್ರಾಲ್ ಚುಚ್ಚುಮದ್ದುಗಳೂ ಇವೆ. ಕೆಲವರಿಗಷ್ಟೇ ಬೇಕಾಗುವ ದುಬಾರಿ ಔಷಧಿಗೆ ತೆರಿಗೆ ಶೂನ್ಯ. ಬಹುಜನರು ನಿತ್ಯ ನುಂಗುವ ಮಾತ್ರೆಗೆ ಇನ್ನೂ ಶೇ. 5 ಉಳಿದಿದೆ.

5. ಚೀಟಿಯ ಪಾತ್ರ

ಇಲ್ಲಿಯವರೆಗೆ ನೋಡಿದ ಯಾವ ಅಂಶವೂ ಒಬ್ಬ ರೋಗಿ 3 ರೂಪಾಯಿ 65 ಪೈಸೆಯ ಮಾತ್ರೆ ಬಿಟ್ಟು 7 ರೂಪಾಯಿ 31 ಪೈಸೆಯದನ್ನು ಏಕೆ ಕೊಳ್ಳುತ್ತಾನೆ ಎಂಬುದನ್ನು ಹೇಳುವುದಿಲ್ಲ. ಉತ್ತರ ಚೀಟಿಯಲ್ಲಿದೆ. ಬೆಲೆ ತೆರುವವನು ರೋಗಿ, ಹೆಸರು ಆರಿಸುವವರು ವೈದ್ಯರು. ಆ ಹೆಸರಿನ ಬದಲು ಮತ್ತೊಂದನ್ನು ಕೊಡಲು ಅಂಗಡಿಯ ಫಾರ್ಮಸಿಸ್ಟ್‌ಗೆ ಅಧಿಕಾರವಿಲ್ಲ. 1945ರ ಔಷಧ ನಿಯಮಗಳ 65ನೇ ನಿಯಮದಂತೆ ಚೀಟಿಯಲ್ಲಿ ಬರೆದ ತಯಾರಿಕೆಯ ಬದಲು ಬೇರೆ ತಯಾರಿಕೆಯನ್ನು, ಅದರಲ್ಲಿ ಅದೇ ಅಣು ಇದ್ದರೂ, ಕೊಡುವಂತಿಲ್ಲ. ಸ್ಟಾಟಿನ್‌ಗಳು ಚೀಟಿಯಿಲ್ಲದೆ ಮಾರಬಾರದ ಔಷಧಿಗಳಾದ್ದರಿಂದ ಈ ನಿಯಮ ಅವುಗಳಿಗೂ ಅನ್ವಯ.

ವೈದ್ಯರು ಔಷಧಿಯ ಮೂಲ ಹೆಸರನ್ನೇ ಬರೆಯಬೇಕೆಂಬ ಆಶಯ ಹೊಸದಲ್ಲ. ಭಾರತೀಯ ವೈದ್ಯಕೀಯ ಮಂಡಳಿಯ 2002ರ ನೀತಿ ಸಂಹಿತೆಯಲ್ಲಿ ‘ಸಾಧ್ಯವಾದಷ್ಟೂ’ ಎಂಬ ಷರತ್ತಿನೊಂದಿಗೆ ಅದು ಇತ್ತು. 2016ರ ತಿದ್ದುಪಡಿ ಅದನ್ನು ಬಿಗಿಗೊಳಿಸಿತು. ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟ್‌ನಲ್ಲಿ ಇನ್ನೂ ಕಟ್ಟುನಿಟ್ಟಾದ ನಿಯಮ ಹೊರಡಿಸಿ, ವೈದ್ಯರ ಸಂಘಟನೆಗಳ ವಿರೋಧದ ನಂತರ ಅದೇ ತಿಂಗಳು ತಡೆಹಿಡಿಯಿತು.

ವೈದ್ಯರ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಬಾರದು. ಚೀಟಿಯಲ್ಲಿ ಅಣುವಿನ ಹೆಸರಷ್ಟೇ ಇದ್ದರೆ ಬ್ರ್ಯಾಂಡ್ ಆರಿಸುವ ಅಧಿಕಾರ ಅಂಗಡಿಗೆ ಹೋಗುತ್ತದೆ. ಅಂಗಡಿ ತನಗೆ ಹೆಚ್ಚು ಲಾಭಾಂಶವಿರುವುದನ್ನು ಕೊಡಬಹುದು. ಮಾತ್ರೆಯ ಗುಣಮಟ್ಟದ ಹೊಣೆ ಯಾರದು ಎಂಬ ಅವರ ಪ್ರಶ್ನೆಗೂ ಅರ್ಥವಿದೆ. ಕೊಲೆಸ್ಟ್ರಾಲ್ ಇಳಿಯದಿದ್ದರೆ ರೋಗಿ ಬಂದು ಕೇಳುವುದು ವೈದ್ಯರನ್ನು. ಇನ್ನೊಂದು ಕಡೆ, ಬ್ರ್ಯಾಂಡ್ ಹೆಸರು ವೈದ್ಯರ ನೆನಪಿನಲ್ಲಿ ಉಳಿಯಲು ಕಂಪನಿಗಳು ಪ್ರತಿನಿಧಿಗಳ ಮೇಲೆ, ಮಾದರಿಗಳ ಮೇಲೆ, ಸಮ್ಮೇಳನಗಳ ಮೇಲೆ ಹಣ ಸುರಿಯುತ್ತವೆ. ಆ ಖರ್ಚು ಕೊನೆಗೆ ಸ್ಟ್ರಿಪ್ಪಿನ ಬೆಲೆಯಲ್ಲೇ ಸೇರುತ್ತದೆ. ವೈದ್ಯರಿಗೆ ಉಡುಗೊರೆ, ಪ್ರವಾಸ ಕೊಡಬಾರದೆಂಬ ಮಾರಾಟ ಸಂಹಿತೆಯನ್ನು ಕೇಂದ್ರ 2024ರ ಮಾರ್ಚ್‌ನಲ್ಲಿ ಹೊಸದಾಗಿ ಪ್ರಕಟಿಸಿದ್ದು ಈ ಕಾರಣಕ್ಕೇ.

ಅಮೆರಿಕದ ಅನುಭವ ಇಲ್ಲಿ ಪಾಠವಾಗಬಲ್ಲದು. ವಿಮೆ, ಮಧ್ಯವರ್ತಿ ಸಂಸ್ಥೆಗಳ ಗುಪ್ತ ರಿಯಾಯಿತಿ, ಘೋಷಿತ ಬೆಲೆ ಒಂದು ಕೊಡುವ ಬೆಲೆ ಇನ್ನೊಂದು ಎಂಬ ಗೋಜಲು ಅಲ್ಲಿ ಬೇಕಾದಷ್ಟಿದೆ. ಊರಿಗೆ ಬಂದ ಅಲ್ಲಿನ ಕನ್ನಡಿಗರು ಮರಳುವಾಗ ತಿಂಗಳುಗಟ್ಟಲೆಯ ಮಾತ್ರೆ ಕಟ್ಟಿಕೊಂಡು ಹೋಗುವುದು ಸುಮ್ಮನಲ್ಲ. ಆದರೆ ಪೇಟೆಂಟ್ ಮುಗಿದ ಮಾತ್ರೆಗಳ ವಿಷಯದಲ್ಲಿ ಅಲ್ಲಿ ಒಂದು ಸ್ಪಷ್ಟ ಏರ್ಪಾಡಿದೆ. ಯಾವ ಜೆನೆರಿಕ್ ಮೂಲ ಔಷಧಿಗೆ ಸಮಾನ ಎಂಬುದನ್ನು ಔಷಧ ನಿಯಂತ್ರಕರೇ ಪಟ್ಟಿ ಮಾಡಿ ಪ್ರಕಟಿಸುತ್ತಾರೆ. ವೈದ್ಯರು ಬೇಡವೆಂದು ಬರೆಯದಿದ್ದರೆ ಫಾರ್ಮಸಿಸ್ಟ್ ಸಮಾನ ಮಾತ್ರೆ ಕೊಡಬಹುದು. ಅಲ್ಲಿ ಬರೆಯಲಾಗುವ ಹತ್ತರಲ್ಲಿ ಸುಮಾರು ಒಂಬತ್ತು ಚೀಟಿಗಳು ಜೆನೆರಿಕ್ ಮಾತ್ರೆಯಿಂದಲೇ ತೀರುತ್ತವೆ. ಸಾರ್ವಜನಿಕ ಪಟ್ಟಿ ಮೊದಲು, ಬದಲಿಸುವ ಅಧಿಕಾರ ಆಮೇಲೆ. ಈ ಕ್ರಮ ಮುಖ್ಯ.

6. ಪ್ರಮಾಣ, ಜೋಡಿ ಮಾತ್ರೆ, ಸ್ಟ್ರಿಪ್

ಬೆಲೆ ಪ್ರಮಾಣಕ್ಕೆ ಸರಿಯಾಗಿ ಏರುವುದಿಲ್ಲ, 40 ಮಿ.ಗ್ರಾಂ ಮಾತ್ರೆಗೆ 10 ಮಿ.ಗ್ರಾಂ ಮಾತ್ರೆಯ ನಾಲ್ಕು ಪಟ್ಟು ಬೆಲೆ ಇರಬೇಕಿಲ್ಲ. ಪರಿಣಾಮವೂ ಪ್ರಮಾಣಕ್ಕೆ ಸರಿಯಾಗಿ ಏರುವುದಿಲ್ಲ. ಸ್ಟಾಟಿನ್ ಪ್ರಮಾಣವನ್ನು ಇಮ್ಮಡಿ ಮಾಡಿದಾಗ ಎಲ್‌ಡಿಎಲ್ ಹೆಚ್ಚುವರಿಯಾಗಿ ಇಳಿಯುವುದು ಸುಮಾರು ಶೇ. 6 ಮಾತ್ರ. ಹೃದಯಾಘಾತವಾದವರಿಗೆ ಆ ಶೇ. 6 ಕೂಡ ಬೇಕು. ಉಳಿದವರಿಗೆ ಎಷ್ಟು ಪ್ರಮಾಣ ಎಂಬುದನ್ನು ವೈದ್ಯರೇ ತೂಗಿ ನೋಡಬೇಕು.

ಆಸ್ಪಿರಿನ್, ಕ್ಲೊಪಿಡೊಗ್ರೆಲ್, ಫೆನೊಫೈಬ್ರೇಟ್ ಅಥವಾ ಎಜೆಟಿಮೈಬ್ ಜೊತೆ ಸೇರಿಸಿದ ಜೋಡಿ ಮಾತ್ರೆಗಳೂ ಇವೆ. ಎರಡೂ ಔಷಧಿ ಬೇಕಿರುವವರಿಗೆ ಇದರಿಂದ ನೆನಪಿನ ಹೊರೆ ಇಳಿಯುತ್ತದೆ. ಒಂದೇ ಸಾಕಿದ್ದವರಿಗೆ ಬೇಡದ ಔಷಧಿಯ ಬೆಲೆಯೂ, ಅದರ ಅಡ್ಡಪರಿಣಾಮವೂ ಸೇರಿಬರುತ್ತದೆ.

ಬೆಲೆ ಹೋಲಿಸುವಾಗ ಜನ ಸಾಮಾನ್ಯವಾಗಿ ಎಡವುವುದು ಸ್ಟ್ರಿಪ್ಪಿನಲ್ಲಿ. ಒಂದರಲ್ಲಿ 10 ಮಾತ್ರೆ, ಇನ್ನೊಂದರಲ್ಲಿ 15. ಸ್ಟ್ರಿಪ್ಪಿಗೆ 60 ರೂಪಾಯಿ ಮತ್ತು 75 ರೂಪಾಯಿ ಎಂದಿದ್ದರೆ ಎರಡನೆಯದೇ ಅಗ್ಗ. ಮಾತ್ರೆಗೆ ಬೀಳುವುದು 6 ರೂಪಾಯಿ ಮತ್ತು 5 ರೂಪಾಯಿ. ಹೋಲಿಕೆ ಯಾವಾಗಲೂ ಒಂದು ಮಾತ್ರೆಯ ಲೆಕ್ಕದಲ್ಲೇ ಇರಬೇಕು. ಮಿತಿ ಬೆಲೆ ಮತ್ತು ಬ್ರ್ಯಾಂಡುಗಳ ದರವನ್ನು ನೋಡಲು ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರದ ‘ಫಾರ್ಮಾ ಸಹಿ ದಾಮ್’ ಆ್ಯಪ್ ಇದೆ. ಚೀಟಿ ಕೈಯಲ್ಲಿರುವಾಗಲೇ ಅದನ್ನು ತೆರೆದು ವೈದ್ಯರ ಜೊತೆ ಮಾತಾಡುವುದು ಒಳ್ಳೆಯದು.

7. ಒಟ್ಟಾಗಿ ಕೊಂಡಾಗ

ಖರೀದಿದಾರ ಬದಲಾದರೆ ಬೆಲೆ ಎಷ್ಟು ಬದಲಾಗುತ್ತದೆ ಎಂಬುದು ಸರ್ಕಾರಿ ಖರೀದಿಯಲ್ಲಿ ಕಾಣುತ್ತದೆ. 1994ರಲ್ಲಿ ಸ್ಥಾಪನೆಯಾದ ತಮಿಳುನಾಡು ವೈದ್ಯಕೀಯ ಸೇವಾ ನಿಗಮ ಈ ಮಾದರಿಯನ್ನು ದೇಶಕ್ಕೆ ತೋರಿಸಿತು: ಅಣುವಿನ ಹೆಸರಿನಲ್ಲಿ ಟೆಂಡರ್, ರಾಜ್ಯಕ್ಕೆಲ್ಲ ಒಂದೇ ಖರೀದಿ, ಪ್ರತಿ ಬ್ಯಾಚಿಗೆ ಪ್ರಯೋಗಾಲಯದ ಪರೀಕ್ಷೆ. ಕರ್ನಾಟಕದಲ್ಲಿ ಈ ಕೆಲಸ ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮದ್ದು. ಇಲ್ಲಿ ಬ್ರ್ಯಾಂಡಿನ ಪ್ರಚಾರಕ್ಕೆ ಜಾಗವಿಲ್ಲ, ಆರಿಸುವವರೂ ಹಣ ಕೊಡುವವರೂ ಒಬ್ಬರೇ. ಬೆಲೆ ತಯಾರಿಕಾ ವೆಚ್ಚದ ಹತ್ತಿರಕ್ಕೆ ಬರುವುದು ಈ ಸ್ಥಿತಿಯಲ್ಲಿ.

2008ರಲ್ಲಿ ಆರಂಭವಾದ ಜನೌಷಧಿ ಯೋಜನೆಯ ನಿಯಮದಂತೆ ಅಲ್ಲಿನ ಔಷಧಿಯ ಬೆಲೆ ಮುಂಚೂಣಿಯ ಮೂರು ಬ್ರ್ಯಾಂಡುಗಳ ಸರಾಸರಿ ಬೆಲೆಯ ಅರ್ಧ ಮೀರಬಾರದು. ಬ್ರ್ಯಾಂಡಿನ ಬೆಲೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಬಿಟ್ಟೂ ಮಾತ್ರೆ ಮಾರಬಹುದು ಎಂಬುದಕ್ಕೆ ಈ ಕೇಂದ್ರಗಳೇ ಪುರಾವೆ. 2025ರ ಮೇ ತಿಂಗಳಲ್ಲಿ ಕರ್ನಾಟಕ ಸರ್ಕಾರ, ಆಸ್ಪತ್ರೆಯಲ್ಲಿ ಔಷಧಿ ಉಚಿತವಾಗಿಯೇ ಸಿಗಬೇಕೆಂಬ ಕಾರಣ ಕೊಟ್ಟು ಸರ್ಕಾರಿ ಆಸ್ಪತ್ರೆ ಆವರಣದ ಜನೌಷಧಿ ಕೇಂದ್ರಗಳನ್ನು ಮುಚ್ಚಲು ಆದೇಶಿಸಿದಾಗ ವಿಷಯ ಹೈಕೋರ್ಟಿಗೆ ಹೋಯಿತು. ಉಚಿತ ಔಷಧಿಯ ತತ್ವ ಸರಿಯಾದದ್ದೇ. ಅದು ಫಲ ಕೊಡುವುದು ಔಷಧಿ ಕಿಟಕಿಯಲ್ಲಿ ಸ್ಟಾಟಿನ್ ವರ್ಷದ ಹನ್ನೆರಡು ತಿಂಗಳೂ ಇದ್ದಾಗ. ಒಂದು ತಿಂಗಳು ‘ಸ್ಟಾಕ್ ಇಲ್ಲ’ ಎಂದರೆ ರೋಗಿ ಹೊರಗಿನ ಅಂಗಡಿಗೆ ಹೋಗುತ್ತಾನೆ, ಇಲ್ಲವೇ ಮಾತ್ರೆಯನ್ನೇ ಬಿಡುತ್ತಾನೆ.

ತೀರ್ಮಾನ

ಮೇಲಿನ ಅಂಶಗಳನ್ನು ತೂಕದ ಕ್ರಮದಲ್ಲಿ ಹೀಗೆ ಜೋಡಿಸಬಹುದು. ಭಾರತದ ಅಟೋರ್ವಾಸ್ಟಾಟಿನ್ ಬೆಲೆಯ ಅಂತರದಲ್ಲಿ ಪೇಟೆಂಟಿಗೆ ಇಂದು ಪಾತ್ರವಿಲ್ಲ. ಮೂಲದ್ರವ್ಯದ ಪಾತ್ರ ಪೈಸೆಗಳದ್ದು. ತೆರಿಗೆ ಎಲ್ಲ ಬ್ರ್ಯಾಂಡಿಗೂ ಒಂದೇ ದರದ್ದು. ಮಿತಿ ಬೆಲೆ ಮೇಲ್ತುದಿಯನ್ನು ಕತ್ತರಿಸಿದೆ, ಕೆಳಗಿನ ಅಂತರವನ್ನು ಹಾಗೇ ಬಿಟ್ಟಿದೆ. ಆ ಉಳಿದ ಅಂತರವನ್ನು ತುಂಬುವುದು ಬ್ರ್ಯಾಂಡಿನ ಪ್ರಚಾರ ಮತ್ತು ವ್ಯಾಪಾರದ ಲಾಭಾಂಶ. ಅವೆರಡೂ ಉಳಿದಿರುವುದು ಹಣ ಕೊಡುವವನ ಕೈಯಲ್ಲಿ ಆಯ್ಕೆ ಇಲ್ಲದಿರುವುದರಿಂದ.

ಹೀಗಿರುವಾಗ ಮಿತಿ ಬೆಲೆಯನ್ನು ಇನ್ನಷ್ಟು ತಗ್ಗಿಸುವುದೊಂದೇ ಪರಿಹಾರವಲ್ಲ. ಮೂರು ಕೆಲಸ ಒಂದರ ಹಿಂದೊಂದು ಆಗಬೇಕು. ಮೊದಲು, 2017ರ ನಿಯಮದಡಿ ಜೈವಿಕ ಸಮಾನತೆ ಸಾಬೀತುಪಡಿಸಿದ ಅಟೋರ್ವಾಸ್ಟಾಟಿನ್ ಮಾತ್ರೆಗಳ ಪಟ್ಟಿಯನ್ನು, ಕಂಪನಿಯ ಹೆಸರು ಮತ್ತು ಮಾತ್ರೆಯೊಂದರ ಬೆಲೆ ಸಹಿತ, ಔಷಧ ನಿಯಂತ್ರಕರು ಎಲ್ಲರೂ ನೋಡುವಂತೆ ಪ್ರಕಟಿಸಬೇಕು. ಅದರಲ್ಲಿ 2017ಕ್ಕೂ ಹಿಂದೆ ಪರವಾನಗಿ ಪಡೆದವರೂ ಪರೀಕ್ಷೆಗೆ ಒಳಪಟ್ಟೇ ಸೇರಬೇಕು. ನಂತರ, ಆ ಪಟ್ಟಿಯೊಳಗೆ ಮಾತ್ರ, ರೋಗಿ ಕೇಳಿದರೆ ಅಗ್ಗದ್ದನ್ನು ಕೊಡಲು ಫಾರ್ಮಸಿಸ್ಟ್‌ಗೆ 65ನೇ ನಿಯಮದಲ್ಲಿ ಅವಕಾಶ ಸಿಗಬೇಕು. ಬದಲಿಸಿದ ಹೆಸರನ್ನು ಚೀಟಿಯ ಮೇಲೆ ಬರೆದುಕೊಡುವುದು ಕಡ್ಡಾಯವಾಗಬೇಕು. ಆಗ ಗುಣಮಟ್ಟದ ಬಗ್ಗೆ ವೈದ್ಯರ ಆತಂಕಕ್ಕೂ ಉತ್ತರ ಸಿಗುತ್ತದೆ, ಅಂಗಡಿಯ ಲಾಭಾಂಶದ ಆಸೆಗೂ ಕಡಿವಾಣ ಬೀಳುತ್ತದೆ. ಕೊನೆಯದಾಗಿ, ಸ್ಟ್ರಿಪ್ಪಿನ ಮೇಲೆ ಒಂದು ಮಾತ್ರೆಯ ಬೆಲೆಯನ್ನು ಓದುವಷ್ಟು ದಪ್ಪ ಅಕ್ಷರದಲ್ಲಿ ಮುದ್ರಿಸಬೇಕು.

ಅಷ್ಟಾಗುವವರೆಗೆ ರೋಗಿಗಳಿಗೆ ಹೇಳಬಹುದಾದದ್ದು ಒಂದಿದೆ. ಬೆಲೆ ಹೆಚ್ಚೆಂದು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು, ದಿನ ಬಿಟ್ಟು ದಿನ ನುಂಗಬಾರದು. ‘ಡಾಕ್ಟರೇ, ಇದೇ ಔಷಧಿ ಕಡಿಮೆ ಬೆಲೆಯದು ಬರೆದುಕೊಡಿ’ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಪೇಟೆಂಟ್ ಮುಗಿದ, ಹಲವರು ತಯಾರಿಸುವ, ಸರ್ಕಾರವೇ ಅಗತ್ಯ ಎಂದು ಗುರುತಿಸಿದ ಈ ಔಷಧಿಯಲ್ಲಿ ಆ ಪ್ರಶ್ನೆಗೆ ಬಹುಮಟ್ಟಿಗೆ ಉತ್ತರ ಇದ್ದೇ ಇರುತ್ತದೆ.